ವೀಡಿಯೊ ಸಮಾಲೋಚನೆ: ಅಶಕ್ತರ ಮಾತು ವೈದ್ಯರಿಗೆ ತಲುಪುವ ಬಗೆ

ಒಂದು ಸಂದರ್ಭವನ್ನು ಭಾವಿಸಿಕೊಳ್ಳೋಣ. ನಡುಮನೆಯಲ್ಲಿ ಎಪ್ಪತ್ತೈದು ದಾಟಿದ ತಾಯಿಯೊಬ್ಬರು ಕುಳಿತಿದ್ದಾರೆ. ಮಗ ಮೊಬೈಲನ್ನು ಕೈಯಲ್ಲಿ ಹಿಡಿದು ನಗರದ ವೈದ್ಯರೊಡನೆ ವೀಡಿಯೊ ಸಂಪರ್ಕ ಕಲ್ಪಿಸಿದ್ದಾನೆ. ವೈದ್ಯರು ‘ನಿದ್ರೆ ಹೇಗಿದೆ?’ ಎಂದು ಕೇಳುತ್ತಾರೆ. ‘ಚೆನ್ನಾಗಿ ಬರುತ್ತದೆ’ ಎಂದು ಮಗ ಉತ್ತರಿಸುತ್ತಾನೆ. ‘ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾರೆಯೇ?’ ಎಂದರೆ ‘ತಪ್ಪಿಸುವುದೇ ಇಲ್ಲ’ ಎನ್ನುತ್ತಾನೆ. ತಾಯಿ ‘ಹೂಂ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ರಕ್ತದೊತ್ತಡ ಹೆಚ್ಚಾಗಿರುವುದನ್ನು ಕಂಡು ವೈದ್ಯರು ಮಾತ್ರೆಯ ಪ್ರಮಾಣವನ್ನು ಏರಿಸುತ್ತಾರೆ. ಐದು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ.

ಆದರೆ ಆ ತಾಯಿಗೆ ಕೆಲವು ತಿಂಗಳುಗಳಿಂದ ಮೂತ್ರವನ್ನು ತಡೆದುಕೊಳ್ಳಲಾಗುತ್ತಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುವಂಥವು. ಆದ್ದರಿಂದ ಮನೆಗೆ ನೆಂಟರು ಬರುವ ದಿನ, ಊರಿಗೆ ಹೊರಡುವ ದಿನ ಅವರು ಮಾತ್ರೆಯನ್ನು ಬಿಟ್ಟುಬಿಡುತ್ತಾರೆ; ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ. ಇದನ್ನು ಮಗನ ಎದುರಿಗೆ ಹೇಳಲು ನಾಚಿಕೆ. ಈಗ ಪ್ರಮಾಣ ಹೆಚ್ಚಿದ ಮಾತ್ರೆಯನ್ನು ಮಗ ದಿನವೂ ಎದುರು ನಿಂತು ನುಂಗಿಸಿದರೆ ರಕ್ತದೊತ್ತಡ ತೀರ ಇಳಿದು, ತಲೆ ತಿರುಗಿ, ಆಕೆ ಬೀಳುವ ಅಪಾಯವುಂಟು. ಇಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ಎಲ್ಲರೂ ಒಳಿತನ್ನೇ ಬಯಸಿದರು. ಸಂಪರ್ಕವೇನೋ ದೊರೆಯಿತು, ಸಮಾಲೋಚನೆ ಮಾತ್ರ ನಡೆಯಲಿಲ್ಲ.

ಮೊಬೈಲಿನ ತೆರೆಯಲ್ಲಿ ವೈದ್ಯರ ಮುಖ ಮೂಡಿದ ಮಾತ್ರಕ್ಕೆ ಚಿಕಿತ್ಸೆ ಕೈಗೆಟುಕಿತೆಂದು ತಿಳಿಯಬಾರದು. ರೋಗಿಯು ತನ್ನ ನೋವನ್ನು ತನ್ನ ಮಾತಿನಲ್ಲಿ ಹೇಳಿ, ವೈದ್ಯರ ಮಾತನ್ನು ತಾನೇ ಕೇಳಿ, ಅರ್ಥಮಾಡಿಕೊಂಡಾಗಲೇ ಅದು ಕೈಗೆಟುಕಿದಂತೆ. ವೃದ್ಧರು, ಕಿವಿ ಅಥವಾ ಕಣ್ಣಿನ ಕೊರತೆಯುಳ್ಳವರು, ಮರೆವಿನ ಕಾಯಿಲೆಯವರು, ಮನೋವ್ಯಾಧಿಯಿಂದ ಬಳಲುವವರು, ಮನೆಯೊಳಗೇ ಅಂಜಿಕೆಯಿಂದ ಬದುಕುವವರು, ಇವರೆಲ್ಲರಿಗೂ ಈ ಅನುಕೂಲವನ್ನು ಕಲ್ಪಿಸುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಸೇವೆ ಮನೆಯ ಬಾಗಿಲಿಗೆ ಬಂದ ಬಗೆ

ಕೊರೊನಾ ಸೋಂಕು ಹರಡುತ್ತಿದ್ದ ೨೦೨೦ರ ಮಾರ್ಚ್ ೨೫ರಂದು ಕೇಂದ್ರ ಸರ್ಕಾರವು ದೂರವೈದ್ಯಕೀಯದ ಮಾರ್ಗಸೂಚಿಗಳನ್ನು ಪ್ರಕಟಿಸಿತು. ನೋಂದಾಯಿತ ವೈದ್ಯರು ದೂರವಾಣಿ, ಬರಹ ಹಾಗೂ ವೀಡಿಯೊ ಮೂಲಕ ರೋಗಿಗೆ ಸಲಹೆ ನೀಡುವ ಕ್ರಮಕ್ಕೆ ಇದರಿಂದ ಸ್ಪಷ್ಟವಾದ ನೆಲೆ ದೊರೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ‘ಇ-ಸಂಜೀವಿನಿ’ ಹೊರರೋಗಿ ಸೇವೆ ಆರಂಭವಾಯಿತು. ಇದರಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ರೋಗಿಯು ಮನೆಯಿಂದಲೇ ವೈದ್ಯರನ್ನು ಉಚಿತವಾಗಿ ಸಂಪರ್ಕಿಸಬಹುದು. ಇನ್ನೊಂದರಲ್ಲಿ ಊರಿನ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯ ಪಕ್ಕದಲ್ಲಿ ಕುಳಿತು ದೂರದ ವೈದ್ಯರೊಡನೆ ಮಾತನಾಡಿಸುತ್ತಾರೆ. ಮೊಬೈಲ್ ಬಳಕೆ ಬಾರದವರಿಗೆ ಈ ಎರಡನೆಯ ಬಗೆಯೇ ಹೆಚ್ಚು ಅನುಕೂಲಕರ.

ಮಾನಸಿಕ ಆರೋಗ್ಯಕ್ಕಾಗಿ ೨೦೨೨ರ ಅಕ್ಟೋಬರ್ ೧೦ರಂದು ‘ಟೆಲಿ ಮಾನಸ್’ ಸೇವೆ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಕೇಂದ್ರಸ್ಥಾನ. ೧೪೪೧೬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ೨೦೨೪ರ ಅಕ್ಟೋಬರ್ ೧೦ರಂದು ಇದಕ್ಕೆ ವೀಡಿಯೊ ಸಮಾಲೋಚನೆಯೂ ಸೇರಿತು. ಅದು ಮೊದಲು ದೊರೆತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೀಗೆ ಸೇವೆಗಳು ಮನೆಯ ಬಾಗಿಲಿಗೆ ಬಂದಿವೆ. ಅವುಗಳ ಪ್ರಯೋಜನವು ಒಳಗಿರುವ ಅಶಕ್ತರಿಗೆ ತಲುಪುವಂತೆ ಮಾಡುವ ಹೊಣೆ ಮನೆಯವರದು.

ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ

ವಯಸ್ಸಾದವರು ‘ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎಂದು ಹೇಳುವುದುಂಟು. ಇದು ಅವರ ಅಲಕ್ಷ್ಯವಲ್ಲ, ಕಿವಿಯ ಸ್ವಭಾವ. ಮುಪ್ಪಿನಲ್ಲಿ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ನಶಿಸುವಾಗ ಮೊದಲು ಕುಂದುವುದು ತೀಕ್ಷ್ಣ ಸ್ವರಗಳನ್ನು ಗ್ರಹಿಸುವ ಶಕ್ತಿ. ಅ, ಆ, ಓ ಮುಂತಾದ ಸ್ವರಾಕ್ಷರಗಳು ಮಂದ್ರವಾದವು, ಅವು ಕೇಳುತ್ತವೆ. ಸ, ಶ, ಚ, ತ, ಪ ಮುಂತಾದ ವ್ಯಂಜನಗಳ ಧ್ವನಿ ತೀಕ್ಷ್ಣವೂ ಕ್ಷೀಣವೂ ಆದುದರಿಂದ ಅವು ತಪ್ಪಿಹೋಗುತ್ತವೆ. ಆಗ ‘ಸಾಲು’ ಎಂಬುದು ‘ಹಾಲು’ ಎಂದೂ ‘ಐವತ್ತು’ ಎಂಬುದು ‘ಎಪ್ಪತ್ತು’ ಎಂದೂ ಕೇಳಬಹುದು. ಗಟ್ಟಿಯಾಗಿ ಕೂಗಿದರೆ ಸ್ವರಗಳಷ್ಟೇ ದೊಡ್ಡದಾಗುತ್ತವೆ, ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಕೂಗುವ ಬದಲು ನಿಧಾನವಾಗಿ, ಬಿಡಿಬಿಡಿಯಾಗಿ ಮಾತನಾಡುವುದೇ ಸರಿಯಾದ ಕ್ರಮ.

ಕಿವಿ ಮಂದವಾದವರು ತಮಗರಿವಿಲ್ಲದೆಯೇ ಎದುರಿನವರ ತುಟಿಯ ಚಲನೆಯನ್ನು ನೋಡಿ ಮಾತನ್ನು ಊಹಿಸುತ್ತಾರೆ. ವೀಡಿಯೊದಲ್ಲಿ ಇದಕ್ಕೆ ಎರಡು ಅಡ್ಡಿಗಳಿವೆ. ಸಂಪರ್ಕ ದುರ್ಬಲವಾಗಿದ್ದರೆ ತುಟಿಯ ಚಲನೆಗೂ ದನಿಗೂ ಹೊಂದಿಕೆ ತಪ್ಪುತ್ತದೆ. ದನಿಯು ತಡವಾಗಿ ತಲುಪಿದರೆ ಇಬ್ಬರೂ ಒಟ್ಟಿಗೆ ಮಾತನಾಡತೊಡಗುತ್ತಾರೆ. ಸಂಭಾಷಣೆ ಸರಾಗವಾಗಿ ಸಾಗಬೇಕಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ ತಲುಪುವ ಕಾಲವು ೧೫೦ ಮಿಲಿಸೆಕೆಂಡಿಗಿಂತ ಹೆಚ್ಚಾಗಬಾರದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಸೂಚಿಸಿದೆ. ನಮ್ಮ ಹಳ್ಳಿಗಳ ಸಂಪರ್ಕದಲ್ಲಿ ಈ ಮಿತಿ ಹಲವು ಬಾರಿ ಮೀರುತ್ತದೆ. ಆದ್ದರಿಂದ ಒಬ್ಬರ ಮಾತು ಮುಗಿದ ಮೇಲೆ ಎರಡು ಎಣಿಸುವಷ್ಟು ಹೊತ್ತು ತಡೆದು ಇನ್ನೊಬ್ಬರು ಮಾತನಾಡಬೇಕು.

ಮನೆಯಲ್ಲಿ ಮಾಡಬಹುದಾದ ಸಿದ್ಧತೆ ಸುಲಭವಾದುದು. ದೂರದರ್ಶನ, ಫ್ಯಾನು, ಮಿಕ್ಸರ್‌ಗಳನ್ನು ನಿಲ್ಲಿಸಿ ಒಳಕೋಣೆಯಲ್ಲಿ ಕುಳಿತುಕೊಳ್ಳಬೇಕು. ಶ್ರವಣಸಾಧನವಿದ್ದರೆ ಅದರ ಬ್ಯಾಟರಿಯನ್ನು ಮೊದಲೇ ಪರೀಕ್ಷಿಸಬೇಕು. ಅದು ಇಲ್ಲದವರಿಗೆ ಕಿವಿಯ ಮೇಲೆ ಕೂರುವ ದೊಡ್ಡ ಹೆಡ್‌ಫೋನು ಒಳ್ಳೆಯದು. ಕಿಟಕಿಯ ಬೆಳಕು ಮುಖದ ಮೇಲೆ ಬೀಳಬೇಕೇ ಹೊರತು ಬೆನ್ನ ಹಿಂದಿರಬಾರದು. ಆಡಿದ ಮಾತನ್ನು ಆ ಕೂಡಲೇ ಅಕ್ಷರವಾಗಿ ತೋರಿಸುವ ‘ಲೈವ್ ಟ್ರಾನ್ಸ್‌ಕ್ರೈಬ್’ ಎಂಬ ತಂತ್ರಾಂಶವು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಕನ್ನಡಕ್ಕೂ ದೊರೆಯುತ್ತದೆ. ಓದಬಲ್ಲವರಿಗೆ ಎರಡನೆಯ ಮೊಬೈಲಿನಲ್ಲಿ ಇದನ್ನು ತೆರೆದು ಪಕ್ಕದಲ್ಲಿಡಬಹುದು. ಆದರೆ ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಯಂತ್ರ ತಪ್ಪಾಗಿ ಬರೆಯುವ ಸಂಭವವಿದೆ. ಅವನ್ನು ವೈದ್ಯರ ಲಿಖಿತ ಚೀಟಿಯಿಂದಲೇ ತಿಳಿಯತಕ್ಕದ್ದು. ಸನ್ನೆಭಾಷೆಯನ್ನು ಬಳಸುವವರಿಗೆ ಮುಖವಷ್ಟೇ ಕಂಡರೆ ಸಾಲದು. ಸೊಂಟದಿಂದ ಮೇಲೆ ಎರಡೂ ಕೈಗಳು ಕಾಣುವಂತೆ ಮೊಬೈಲನ್ನು ದೂರವಿಡಬೇಕು. ಹಿಂದಿನ ಗೋಡೆ ಒಂದೇ ಬಣ್ಣದ್ದಾಗಿದ್ದರೆ ಕೈಗಳ ಚಲನೆ ತಿಳಿಯಾಗಿ ಕಾಣುತ್ತದೆ.

ಕಾಣದವರಿಗೆ ಮಾತೇ ಕಣ್ಣು

ದೃಷ್ಟಿಯಿಲ್ಲದವರು ವೀಡಿಯೊ ಸಮಾಲೋಚನೆಯಲ್ಲಿ ಭಾಗವಹಿಸಲಾರರೆಂಬ ಭಾವನೆ ತಪ್ಪು. ಮೊಬೈಲಿನಲ್ಲಿರುವ ‘ಟಾಕ್‌ಬ್ಯಾಕ್’ ಸೌಲಭ್ಯವು ತೆರೆಯ ಮೇಲಿನ ಬರಹವನ್ನು ಓದಿಹೇಳುತ್ತದೆ. ಅದನ್ನು ಬಳಸಲು ಕಲಿತವರು ತಾವೇ ಕರೆಯನ್ನು ಸೇರಬಲ್ಲರು. ಅವರಿಗೆ ತೊಡಕಾಗುವುದು ಎದುರಿನವರ ಮಾತಿನ ರೂಢಿ. ‘ಈ ಮಾತ್ರೆ ನೋಡಿ’, ‘ಇಲ್ಲಿ ನೋವಿದೆಯೇ?’ ಎಂದು ಬೆರಳು ತೋರಿಸಿದರೆ ಅವರಿಗೆ ತಿಳಿಯದು. ಮಾತ್ರೆಯ ಹೆಸರು, ಆಕಾರ, ತೆಗೆದುಕೊಳ್ಳುವ ಹೊತ್ತು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಇಬ್ಬರು ಮೂವರು ಮಾತನಾಡುವ ಕರೆಯಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರನ್ನು ಹೇಳಿಯೇ ಮಾತು ಆರಂಭಿಸಬೇಕು. ಹೊರಗಿನವರು ಕೋಣೆಗೆ ಬಂದರೆ ಅದನ್ನೂ ತಿಳಿಸಬೇಕು. ಯಾರು ಕೇಳುತ್ತಿದ್ದಾರೆಂಬುದನ್ನು ಅರಿಯುವ ಹಕ್ಕು ಅವರಿಗಿದೆ.

ಮಂದದೃಷ್ಟಿಯವರಿಗೆ ಅಕ್ಷರಗಳನ್ನು ದೊಡ್ಡದು ಮಾಡಿಕೊಡಬೇಕು. ಕೈ ನಡುಗುವವರಿಗೆ ಸಣ್ಣ ಗುಂಡಿಯನ್ನು ಒತ್ತುವುದು ಕಷ್ಟ. ಕರೆಯನ್ನು ಸಹಾಯಕರೇ ಆರಂಭಿಸಿ, ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಒಂದು ಡಬ್ಬಿಗೋ ಪುಸ್ತಕದ ರಾಶಿಗೋ ಒರಗಿಸಿಡಬೇಕು. ಅದನ್ನು ಕೈಯಲ್ಲಿ ಹಿಡಿಯುವುದು ಬೇಡ. ಹಿಡಿದವರ ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ. ಅಲ್ಲದೆ ಮೊಬೈಲು ಯಾರ ಕೈಯಲ್ಲಿದೆಯೋ ಮಾತೂ ಅವರದೇ ಆಗಿಬಿಡುತ್ತದೆ.

ಮರೆವು, ಭೀತಿ ಮತ್ತು ಆಯಾಸ

ಮರೆವಿನ ಕಾಯಿಲೆಯುಳ್ಳವರಲ್ಲಿ ಕೆಲವರು ತೆರೆಯಲ್ಲಿ ಕಾಣುವ ತಮ್ಮದೇ ಮುಖವನ್ನು ಗುರುತಿಸಲಾರದೆ ಅಪರಿಚಿತರೊಬ್ಬರು ನೋಡುತ್ತಿದ್ದಾರೆಂದು ಅಂಜುತ್ತಾರೆ. ಸ್ವಂತ ಚಿತ್ರವನ್ನು ಮರೆಮಾಡುವ ಅನುಕೂಲವು ಜೂಮ್, ಗೂಗಲ್ ಮೀಟ್ ಮುಂತಾದ ತಂತ್ರಾಂಶಗಳಲ್ಲಿದೆ. ಮೊದಲು ಪರಿಚಿತ ಮುಖವೊಂದು ಕಾಣಿಸಿಕೊಂಡು ‘ಅಮ್ಮಾ, ಈಗ ಡಾಕ್ಟರು ಮಾತನಾಡುತ್ತಾರೆ’ ಎಂದು ತಿಳಿಸಿದರೆ ಗಾಬರಿ ಕಡಿಮೆಯಾಗುತ್ತದೆ. ದಿನದಲ್ಲಿ ಅವರ ಮನಸ್ಸು ತಿಳಿಯಾಗಿರುವ ಹೊತ್ತು ಯಾವುದೆಂಬುದು ಮನೆಯವರಿಗೆ ಗೊತ್ತಿರುತ್ತದೆ. ಆ ಹೊತ್ತನ್ನೇ ವೈದ್ಯರಲ್ಲಿ ಕೇಳಿ ಪಡೆಯಬೇಕು. ಪಾರ್ಶ್ವವಾಯುವಿನಿಂದ ಮಾತು ತೊದಲುವವರಿಗೆ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ ಕಾಯಬೇಕು. ‘ಹೌದು’, ‘ಇಲ್ಲ’, ‘ನೋವಿದೆ’, ‘ಇನ್ನೊಮ್ಮೆ ಹೇಳಿ’ ಎಂದು ದೊಡ್ಡಕ್ಷರದಲ್ಲಿ ಬರೆದ ರಟ್ಟಿನ ತುಂಡುಗಳನ್ನೋ ಚಿತ್ರಗಳನ್ನೋ ಕೈಗೆಟುಕುವಂತೆ ಇಟ್ಟರೆ ಅವರು ತೋರಿಸಿಯೇ ಉತ್ತರಿಸಬಲ್ಲರು.

ಸಂಶಯದ ಮನೋವ್ಯಾಧಿಯುಳ್ಳವರಿಗೆ ಕ್ಯಾಮೆರಾ ಎಂದರೆ ಭಯ. ಕರೆ ಏಕೆ, ಯಾರು ನೋಡುತ್ತಾರೆ, ಇದು ಮುದ್ರಣವಾಗುತ್ತದೆಯೋ ಇಲ್ಲವೋ ಎಂಬುದನ್ನು ಮೊದಲೇ ನಿಜವಾಗಿ ತಿಳಿಸಬೇಕು. ಮೋಸದಿಂದ ಕ್ಯಾಮೆರಾದ ಎದುರು ಕೂರಿಸಿದರೆ ಕಳೆದುಹೋದ ವಿಶ್ವಾಸ ಮರಳುವುದು ಕಷ್ಟ. ಆರೋಗ್ಯವಂತರಿಗೂ ವೀಡಿಯೊ ಮಾತುಕತೆ ದಣಿವನ್ನು ತರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ ಅವರು ೨೦೨೧ರಲ್ಲಿ ಇದಕ್ಕೆ ನಾಲ್ಕು ಕಾರಣಗಳನ್ನು ಮುಂದಿಟ್ಟರು: ಎದುರಿನವರ ಮುಖ ಅತಿ ಸಮೀಪದಲ್ಲಿ ಎಡೆಬಿಡದೆ ದಿಟ್ಟಿಸುವಂತೆ ಕಾಣುವುದು, ತನ್ನ ಮುಖವನ್ನು ತಾನೇ ನೋಡುತ್ತಿರಬೇಕಾದುದು, ಅಲುಗಾಡದೆ ಒಂದೇ ಕಡೆ ಕುಳಿತಿರಬೇಕಾದುದು, ಸನ್ನೆಗಳನ್ನು ಗ್ರಹಿಸಲು ಮನಸ್ಸು ಹೆಚ್ಚು ಶ್ರಮಿಸಬೇಕಾದುದು. ಆರೋಗ್ಯವಂತರ ಪಾಡೇ ಹೀಗಿರುವಾಗ ಅಶಕ್ತರೊಡನೆ ಮಾತುಕತೆಯನ್ನು ಚಿಕ್ಕದಾಗಿ ಮುಗಿಸುವುದು, ನಡುವೆ ವಿರಾಮ ಕೊಡುವುದು ಅವಶ್ಯ.

ಏಕಾಂತವೂ ಚಿಕಿತ್ಸೆಯ ಭಾಗ

ಆಸ್ಪತ್ರೆಯಲ್ಲಿ ವೈದ್ಯರು ಬಾಗಿಲು ಮುಚ್ಚಿ ಮಾತನಾಡಿಸುತ್ತಾರೆ. ಮನೆಯಲ್ಲಿ ಆ ಬಾಗಿಲು ಇರುವುದಿಲ್ಲ. ಮೂತ್ರದ ತೊಂದರೆ, ಮುಟ್ಟಿನ ತೊಂದರೆ, ಕುಡಿತ, ಸಾಯಬೇಕೆಂಬ ಆಲೋಚನೆ, ಮನೆಯವರಿಂದಲೇ ಆಗುತ್ತಿರುವ ಹಿಂಸೆ, ಇವುಗಳನ್ನು ಮನೆಮಂದಿಯೆಲ್ಲ ಸುತ್ತ ಕುಳಿತಿರುವಾಗ ಯಾರೂ ಹೇಳಲಾರರು. ಆದ್ದರಿಂದ ಪ್ರತಿಯೊಂದು ಸಮಾಲೋಚನೆಯಲ್ಲಿಯೂ ಕೆಲವು ನಿಮಿಷ ರೋಗಿ ಒಬ್ಬರೇ ವೈದ್ಯರೊಡನೆ ಮಾತನಾಡಲು ಅವಕಾಶವಿರಬೇಕು. ಹೆಡ್‌ಫೋನು ಹಾಕಿದರೆ ವೈದ್ಯರ ಪ್ರಶ್ನೆ ಹೊರಗಿನವರಿಗೆ ಕೇಳುವುದಿಲ್ಲ. ಮನೆಯಲ್ಲಿ ಏಕಾಂತ ಸಿಗದಿದ್ದರೆ ಆರೋಗ್ಯ ಕೇಂದ್ರದ ಕೋಣೆಯನ್ನು ಬಳಸಿಕೊಳ್ಳಬಹುದು.

ವೈದ್ಯರೂ ಆಪ್ತಸಮಾಲೋಚಕರೂ ಮೊದಲಿಗೆ ‘ಈಗ ಕೋಣೆಯಲ್ಲಿ ನೀವು ಒಬ್ಬರೇ ಇದ್ದೀರಾ?’ ಎಂದು ಕೇಳುವುದು ಒಳ್ಳೆಯ ರೂಢಿ. ಅಪಾಯದ ಶಂಕೆಯಿದ್ದರೆ ‘ಹೌದು’ ಅಥವಾ ‘ಇಲ್ಲ’ ಎಂಬಷ್ಟೇ ಉತ್ತರ ಬೇಡುವ ಪ್ರಶ್ನೆಗಳನ್ನು ಕೇಳಬೇಕು. ಯಾರಾದರೂ ಒಳಗೆ ಬಂದರೆ ಮಾತನ್ನು ಬದಲಿಸಲು ಒಂದು ಗುರುತಿನ ಮಾತನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ‘ಅಕ್ಕಿ ತರಿಸಬೇಕು’ ಎಂಬಂಥ ಸಾಮಾನ್ಯ ಮಾತೊಂದು ಸಾಕು. ಹಿಂಸೆಗೆ ಒಳಗಾದ ಮಹಿಳೆಯರು ೧೮೧ಕ್ಕೂ, ವೃದ್ಧರು ೧೪೫೬೭ಕ್ಕೂ ಕರೆ ಮಾಡಬಹುದು. ಮನೋರೋಗಿಯ ವಿಷಯವನ್ನು ಗೋಪ್ಯವಾಗಿಡುವುದು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ನೀಡಿದ ಹಕ್ಕು. ಮನೆಯವರಿಗೆ ತಿಳಿಯಬೇಕಾದ ವಿಷಯವೇನಾದರೂ ಇದ್ದರೆ ಅದನ್ನು ರೋಗಿಯ ಒಪ್ಪಿಗೆ ಪಡೆದು ಹಂಚಿಕೊಳ್ಳಬೇಕು.

ಸಹಾಯಕರು ಊರುಗೋಲಿನಂತಿರಲಿ

ಊರುಗೋಲು ತಾನೇ ನಡೆಯುವುದಿಲ್ಲ, ನಡೆಯುವವರಿಗೆ ಆಸರೆಯಾಗುತ್ತದೆ. ಸಹಾಯಕರೂ ಹಾಗೆಯೇ ಇರಬೇಕು. ಹಿಂದಿನ ದಿನವೇ ಒಮ್ಮೆ ಕರೆ ಮಾಡಿ ದನಿ, ಚಿತ್ರಗಳನ್ನು ಪರೀಕ್ಷಿಸಬೇಕು. ಮೊಬೈಲಿನ ಚಾರ್ಜು ತುಂಬಿರಬೇಕು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಚೀಟಿಗಳು, ಮನೆಯಲ್ಲಿ ಅಳೆದ ರಕ್ತದೊತ್ತಡ ಮತ್ತು ಸಕ್ಕರೆಯ ಅಂಕಿಗಳು ಪಕ್ಕದಲ್ಲಿರಬೇಕು. ಹೇಳಬೇಕೆಂದಿರುವ ಮೂರು ಮುಖ್ಯ ವಿಷಯಗಳನ್ನು ರೋಗಿಯನ್ನೇ ಕೇಳಿ, ಅವರ ಮಾತಿನಲ್ಲಿಯೇ ಬರೆದಿಡಬೇಕು. ‘ಚಕ್ಕರ್ ಬರುತ್ತದೆ’, ‘ಮೈ ಜುಮ್ಮೆನ್ನುತ್ತದೆ’ ಎಂದು ಅವರು ಹೇಳಿದ್ದನ್ನು ನಾವು ಬೇರೊಂದು ರೋಗದ ಹೆಸರಾಗಿ ಬದಲಿಸಬಾರದು.

ಕರೆಯಲ್ಲಿ ರೋಗಿಯೇ ಮೊದಲು ಉತ್ತರಿಸಲಿ. ತಡವಾದರೂ ಕಾಯೋಣ. ಸಹಾಯಕರಿಗೆ ಸೇರಿಸುವುದೇನಾದರೂ ಇದ್ದರೆ ‘ಅಮ್ಮ, ಇದನ್ನು ನಾನು ಹೇಳಲೇ?’ ಎಂದು ಕೇಳಿ ಹೇಳಬೇಕು. ಕೊನೆಯಲ್ಲಿ ‘ತಿಳಿಯಿತೇ?’ ಎಂದರೆ ‘ಹೂಂ’ ಎಂಬ ಉತ್ತರ ಬಂದೇ ಬರುತ್ತದೆ. ಕೇಳಿಸದವರೂ ಅರ್ಥವಾಗದವರೂ ಹೇಳುವುದು ಅದನ್ನೇ. ಅದರ ಬದಲು ‘ಈ ಮಾತ್ರೆಯನ್ನು ಯಾವಾಗ, ಎಷ್ಟು ತೆಗೆದುಕೊಳ್ಳುತ್ತೀರಿ, ನೀವೇ ಒಮ್ಮೆ ಹೇಳಿ’ ಎಂದು ಕೇಳಬೇಕು. ತಪ್ಪಿದ್ದರೆ ಅಲ್ಲಿಯೇ ಸರಿಯಾಗುತ್ತದೆ. ಸಂಪರ್ಕ ಕಡಿದರೆ ವೈದ್ಯರು ಯಾವ ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನು ಆರಂಭದಲ್ಲಿಯೇ ತಿಳಿಸಬೇಕು. ದನಿ ಕಡಿಕಡಿದು ಬಂದರೆ ಚಿತ್ರವನ್ನು ನಿಲ್ಲಿಸಿ ದನಿಯನ್ನು ಉಳಿಸಿಕೊಳ್ಳಬೇಕು. ತುಟಿಯ ಚಲನೆಯನ್ನೇ ನೆಚ್ಚಿದವರಿಗೆ ಮಾತ್ರ ಬೇರೊಂದು ಹೊತ್ತನ್ನು ಕೇಳುವುದು ಮೇಲು.

ವೃದ್ಧರಿಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಿಕೊಡಬೇಕು. ಪೊಲೀಸರ ವೇಷದಲ್ಲಿ ವೀಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಣ ಕಸಿಯುವ ವಂಚಕರಿದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲ. ಇ-ಸಂಜೀವಿನಿಗೆ ಪ್ರವೇಶಿಸಲು ಮೊಬೈಲಿಗೆ ಬರುವ ಒಟಿಪಿಯನ್ನು ನಾವೇ ನಮೂದಿಸಬೇಕು. ಕರೆ ಮಾಡಿದ ಯಾರಿಗೂ ಹೇಳಬಾರದು. ವಂಚನೆಯಾದರೆ ಕೂಡಲೇ ೧೯೩೦ಕ್ಕೆ ದೂರು ನೀಡಬೇಕು.

ಕೇಳಿ ಪಡೆಯಬಹುದಾದ ಹಕ್ಕು

ಇವೆಲ್ಲ ಯಾರೋ ತೋರುವ ಔದಾರ್ಯವಲ್ಲ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಮಾಹಿತಿ ಮತ್ತು ಸಂಪರ್ಕ ಸಾಧನಗಳು ಅವರಿಗೂ ಸುಗಮವಾಗಿರಬೇಕೆಂದು ವಿಧಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದೊಡನೆ ೨೦೨೨ರಲ್ಲಿ ದೂರವೈದ್ಯಕೀಯ ಸೇವೆಗಳ ಸುಗಮತೆಗೆ ಮಾನದಂಡವನ್ನು ಪ್ರಕಟಿಸಿದೆ. ಕ್ಯಾಮೆರಾದ ಎದುರು ಕಣ್ಣು ಮಿಟುಕಿಸಲಾರದ ಕಾರಣ ಬ್ಯಾಂಕು ಮುಂತಾದ ಸೇವೆಗಳಿಗೆ ಬೇಕಾದ ಗುರುತಿನ ಪರಿಶೀಲನೆಯಿಂದ ಹೊರಗುಳಿಯಬೇಕಾದವರ ಅಹವಾಲನ್ನು ಆಲಿಸಿದ ಸರ್ವೋಚ್ಚ ನ್ಯಾಯಾಲಯವು, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ೨೦೨೫ರ ಏಪ್ರಿಲ್ ೩೦ರಂದು ತೀರ್ಪಿತ್ತಿದೆ. ಆದುದರಿಂದ ‘ನಿಧಾನವಾಗಿ ಹೇಳಿ’, ‘ಬರೆದು ಕಳುಹಿಸಿ’, ‘ಹೆಚ್ಚು ಸಮಯ ಬೇಕು’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ವೀಡಿಯೊ ಬೇಡವೆನ್ನುವುದೂ ಒಂದು ಹಕ್ಕೇ. ಯಾವ ಹಂತದಲ್ಲಿಯಾದರೂ ದೂರಸಮಾಲೋಚನೆಯನ್ನು ನಿಲ್ಲಿಸುವ ಸ್ವಾತಂತ್ರ್ಯವನ್ನು ೨೦೨೦ರ ಮಾರ್ಗಸೂಚಿಗಳೇ ರೋಗಿಗೆ ನೀಡಿವೆ. ಕೆಲವರಿಗೆ ಬರಿಯ ದೂರವಾಣಿ ಹಿತ, ಕೆಲವರಿಗೆ ಮುಖಾಮುಖಿ ಭೇಟಿಯೇ ಹಿತ. ಹೊಟ್ಟೆಯನ್ನು ಮುಟ್ಟಿ ನೋಡಬೇಕಾದಾಗ, ಎದೆಯ ಸದ್ದನ್ನು ಆಲಿಸಬೇಕಾದಾಗ ತೆರೆ ಸಾಲದು. ಎದೆನೋವು, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ಕೈಕಾಲು ಸ್ವಾಧೀನ ತಪ್ಪುವುದು, ಬಾಯಿ ಸೊಟ್ಟಗಾಗುವುದು ಕಂಡರೆ ವೀಡಿಯೊಗಾಗಿ ಕಾಯದೆ ೧೦೮ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಆರಂಭದಲ್ಲಿ ನೋಡಿದ ತಾಯಿಯ ಬಳಿಗೆ ಮರಳೋಣ. ಮಗ ಮೊಬೈಲನ್ನು ಒಂದು ಡಬ್ಬಿಗೆ ಒರಗಿಸಿ, ಹೆಡ್‌ಫೋನನ್ನು ತಾಯಿಯ ಕಿವಿಗೆ ಇರಿಸಿ, ‘ಡಾಕ್ಟರೇ, ಮೊದಲು ಅಮ್ಮನೇ ಮಾತನಾಡಲಿ, ನಾನು ಹೊರಗಿರುತ್ತೇನೆ’ ಎಂದು ಬಾಗಿಲೆಳೆದುಕೊಂಡು ಹೋಗಿದ್ದರೆ, ಆಕೆ ಮೂತ್ರದ ತೊಂದರೆಯನ್ನೂ ಬಿಟ್ಟ ಮಾತ್ರೆಗಳನ್ನೂ ಹೇಳುವ ಅವಕಾಶವಿರುತ್ತಿತ್ತು. ಆಗ ವೈದ್ಯರು ಮಾತ್ರೆಯ ಪ್ರಮಾಣವನ್ನು ಏರಿಸುವ ಬದಲು ಮಾತ್ರೆಯನ್ನೇ ಬದಲಿಸಬಹುದಿತ್ತು. ಇದಕ್ಕೆ ಹೊಸ ಯಂತ್ರವಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ಮುಂದಿನ ಬಾರಿ ಮನೆಯ ಹಿರಿಯರಿಗಾಗಿ ವೈದ್ಯರಿಗೆ ಕರೆ ಮಾಡುವಾಗ ಓದುಗ ಬಂಧುಗಳು ಆ ಐದು ನಿಮಿಷವನ್ನು ಅವರಿಗೇ ಬಿಟ್ಟುಕೊಡಲಿ.